ಜರ್ಮನಿಗೆ ಹೊರಟಿರುವ ನರ್ಸ್: 4600 ಗಂಟೆಯ ಲೆಕ್ಕ ಏನು? ಕೋರ್ಸ್ ಒಳ್ಳೆಯದಾ, ಪರೀಕ್ಷೆ ಒಳ್ಳೆಯದಾ?

ಹೊನ್ನಾವರದ ಸ್ಟಾಫ್ ನರ್ಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮಂಗಳೂರಿನ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಜರ್ಮನಿಗೆ ಹೋಗುವ ತಯಾರಿ ನಡೆದಿದೆ. ಜರ್ಮನ್ ಭಾಷೆಯಲ್ಲಿ ಬಿ1 ಹಂತ ಪಾಸಾಗಿದೆ, ಅದರ ಮೇಲಿನ ಬಿ2 ಓದುತ್ತಿದ್ದೇನೆ. ಹೋದ ವಾರ ಅಲ್ಲಿನ ಕಚೇರಿಯಿಂದ ಪತ್ರ ಬಂತು. ನನ್ನ ಓದನ್ನು ಅವರ ಓದಿನ ಜೊತೆ ಹೋಲಿಸಿ ನೋಡಿದ್ದಾರೆ. ನರ್ಸಿಂಗ್ ಓದು ಒಟ್ಟು 4600 ಗಂಟೆ ಇರಬೇಕಂತೆ. ವಯಸ್ಸಾದವರ ಆರೈಕೆ ಮತ್ತು ರೋಗಿಯ ಮನೆಗೇ ಹೋಗಿ ಮಾಡುವ ಆರೈಕೆ, ಈ ಎರಡರಲ್ಲಿ ಗಂಟೆಗಳು ಸಾಲದು ಎಂದು ಬರೆದಿದ್ದಾರೆ. ಓದಿ ತುಂಬಾ ಬೇಜಾರಾಯಿತು. ಅಲ್ಲಿನ ನರ್ಸಿಂಗ್ ಮೂರು ವರ್ಷದ್ದು, ನಾನು ನಾಲ್ಕು ವರ್ಷ ಓದಿದ್ದೇನೆ.

ಈಗ ಎರಡು ದಾರಿ ಇದೆ. ಅಲ್ಲಿನ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಅಡಾಪ್ಟೇಷನ್ ಕೋರ್ಸ್, ಅಂದರೆ ಕಡಿಮೆ ಬಿದ್ದದ್ದನ್ನು ಕಲಿಯುವ ಕೋರ್ಸ್, ಮಾಡಬಹುದು, ಇಲ್ಲವೇ ನೇರವಾಗಿ ಪರೀಕ್ಷೆ ಬರೆಯಬಹುದು. ಏಜೆನ್ಸಿಯವರು ಪರೀಕ್ಷೆಯನ್ನೇ ತೆಗೆದುಕೊಳ್ಳಿ, ಬೇಗ ಮುಗಿಯುತ್ತದೆ, ಸಂಬಳವೂ ಬೇಗ ಏರುತ್ತದೆ ಎನ್ನುತ್ತಾರೆ. ಅನುಭವ ಇರುವವರು ಏನು ಹೇಳುತ್ತೀರಿ?

ಇನ್ನೂ ಎರಡು ಸಂದೇಹ ಇದೆ. ನಮ್ಮ ಅಣ್ಣ ಐರ್ಲೆಂಡಿನಲ್ಲಿದ್ದಾನೆ. ಜರ್ಮನಿಯಲ್ಲಿ ಒಮ್ಮೆ ನೋಂದಣಿ ಆದರೆ ಯುರೋಪಿನಲ್ಲಿ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು ಅಂತಾರಲ್ಲ, ಅದು ನಿಜವಾ? ಕೊನೆಯದು, ಇದು ಸ್ವಲ್ಪ ಭಯದ ಪ್ರಶ್ನೆ. ಬೇರೆ ಭಾಷೆ, ಬೇರೆ ಔಷಧಿ ಹೆಸರು. ಡಾಕ್ಟರ್ ಹೇಳಿದ್ದು ಅರ್ಥವಾಗದಿದ್ದರೆ ಎರಡು ಸಲ ಕೇಳಬಹುದಾ? ಇಲ್ಲಿ ಕೇಳಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ.

ತೀರ್ಥಹಳ್ಳಿ ಅಕ್ಕ, ಈಗ ಕಲೋನ್ ಹತ್ತಿರ:

ತಂಗಿ, ಮೊದಲು ಆ ಪತ್ರವನ್ನು ಅವಮಾನ ಎಂದುಕೊಳ್ಳಬೇಡ. ಇಲ್ಲಿಗೆ ಬಂದ ನಮ್ಮವರಲ್ಲಿ ಹೆಚ್ಚಿನವರಿಗೆ ಅದೇ ಪತ್ರ ಬಂದಿದೆ, ನನಗೂ ಬಂದಿತ್ತು. ನಾನು ಇಲ್ಲಿ ಇಂಟರ್ನಲ್ ಮೆಡಿಸಿನ್ ವಾರ್ಡಿನಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಈಗ ಹೊಸದಾಗಿ ಬರುವವರ ಜೊತೆ ನಿಂತು ಕೆಲಸ ಹೇಳಿಕೊಡುವುದೂ ನನ್ನ ಡ್ಯೂಟಿಯಲ್ಲಿ ಸೇರಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

4600 ಗಂಟೆ ಜರ್ಮನಿ ಒಂದೇ ಮಾಡಿಕೊಂಡ ಲೆಕ್ಕ ಅಲ್ಲ. ಅದು ಯುರೋಪಿಯನ್ ಒಕ್ಕೂಟದ 2005ರ ಕಾನೂನಿನಲ್ಲಿದೆ. 2005/36 ಎಂದು ಅದರ ಸಂಖ್ಯೆ, ಇಲ್ಲಿನ ಕಚೇರಿಯವರ ಬಾಯಲ್ಲಿ ಆ ನಂಬರ್ ಆಗಾಗ ಬರುತ್ತದೆ. ಜನರಲ್ ನರ್ಸ್ ಆಗಬೇಕಾದರೆ ಕನಿಷ್ಠ ಮೂರು ವರ್ಷ, ಕನಿಷ್ಠ 4600 ಗಂಟೆ. ಅದರಲ್ಲಿ ಮೂರನೇ ಒಂದು ಭಾಗವಾದರೂ ಪಾಠ, ಅರ್ಧದಷ್ಟಾದರೂ ರೋಗಿಯ ಹತ್ತಿರ ಕೆಲಸ. ಜರ್ಮನಿಯಲ್ಲಿ ಈಗ 2100 ಗಂಟೆ ಪಾಠ, 2500 ಗಂಟೆ ಪ್ರಾಕ್ಟಿಕಲ್. ಕೂಡಿಸಿ ನೋಡು, ಸರಿಯಾಗಿ 4600.

ಇಷ್ಟು ಲೆಕ್ಕ ಯಾಕೆ ಎಂದರೆ, ಪೋರ್ಚುಗಲ್‌ನಲ್ಲಿ ಓದಿದ ನರ್ಸ್ ಮ್ಯೂನಿಕ್‌ಗೆ ಬಂದರೆ ಅವಳಿಗೆ ಮತ್ತೆ ಪರೀಕ್ಷೆ ಇಡುವ ಹಾಗಿಲ್ಲ. ಓದನ್ನು ಹಾಗೆಯೇ ಒಪ್ಪಬೇಕು. ಒಂದು ದೇಶ ಇನ್ನೊಂದರ ಸರ್ಟಿಫಿಕೇಟನ್ನು ಕಣ್ಣು ಮುಚ್ಚಿ ಒಪ್ಪಬೇಕಾದರೆ, ಇದಕ್ಕಿಂತ ಕಡಿಮೆ ಯಾರೂ ಕಲಿಸಬಾರದು ಎಂಬ ಮಾತು ಮೊದಲೇ ಆಗಿರಬೇಕಲ್ವಾ? ನರ್ಸುಗಳ ವಿಷಯದಲ್ಲಿ ಈ ಮಾತು 1977ರಲ್ಲೇ ಆಗಿತ್ತು. ಹೊರಗಿನಿಂದ ಬರುವ ನಮಗೆ ಆ ನೇರ ಒಪ್ಪಿಗೆ ಸಿಗುವುದಿಲ್ಲ. ಆದರೆ ನಮ್ಮನ್ನು ಮೊದಲ ಸಲ ಒಪ್ಪಿಕೊಳ್ಳುವ ದೇಶ ಆ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಇಳಿದರೆ ಹಿಂದಿನ ಬಾಗಿಲು ತೆರೆದ ಹಾಗಾಗುತ್ತದೆ. ಅದಕ್ಕೇ ನಿನ್ನ ಕಾಗದಗಳನ್ನು ಗಂಟೆಗಂಟೆ ಲೆಕ್ಕ ಹಾಕಿ ನೋಡಿದ್ದಾರೆ.

ಪ್ರಾಕ್ಟಿಕಲ್ ಎಲ್ಲೆಲ್ಲಿ ಆಗಿರಬೇಕು ಎಂಬ ಪಟ್ಟಿಯೂ ಆ ಕಾನೂನಿನಲ್ಲಿದೆ. ಮೆಡಿಸಿನ್, ಸರ್ಜರಿ, ಮಕ್ಕಳು, ಹೆರಿಗೆ, ಮಾನಸಿಕ ಆರೋಗ್ಯ, ವಯಸ್ಸಾದವರು, ಮನೆ ಆರೈಕೆ. ಮೊದಲ ಐದರಲ್ಲಿ ನಮ್ಮ ಹುಡುಗಿಯರನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಹೆರಿಗೆ ವಾರ್ಡಿನಲ್ಲಂತೂ ನಾವು ನೋಡಿದಷ್ಟನ್ನು ಇಲ್ಲಿನ ವಿದ್ಯಾರ್ಥಿಗಳು ನೋಡಿರುವುದಿಲ್ಲ. ಕೊನೆಯ ಎರಡರಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ. ಇಲ್ಲಿ ನರ್ಸ್ ಕಾರು ತೆಗೆದುಕೊಂಡು ಬೆಳಿಗ್ಗೆ ಆರಕ್ಕೆ ಮನೆಮನೆಗೆ ಹೋಗಿ ಇನ್ಸುಲಿನ್ ಕೊಟ್ಟು, ಗಾಯಕ್ಕೆ ಬ್ಯಾಂಡೇಜ್ ಬದಲಿಸಿ ಬರುತ್ತಾಳೆ. ನಮ್ಮಲ್ಲಿ ಆ ಕೆಲಸ ಮನೆಯವರ ಮೇಲೆ ಬಿದ್ದಿರುತ್ತದೆ.

ಈಗ ಕೋರ್ಸಾ, ಪರೀಕ್ಷೆಯಾ? ನನ್ನ ಉತ್ತರ ಕೋರ್ಸ್. ಪರೀಕ್ಷೆ ಕಷ್ಟ ಅಂತಲ್ಲ. ನಮ್ಮವರು ಓದಿ ಪಾಸ್ ಮಾಡುವುದರಲ್ಲಿ ಗಟ್ಟಿ. ಆದರೆ ರೋಗಿಗೆ ಅಪಾಯ ಆಗುವ ಜಾಗಗಳು ಪುಸ್ತಕದಲ್ಲಿ ಇರುವುದಿಲ್ಲ. ಯಾರಾದರೂ ಪಕ್ಕದಲ್ಲಿ ನಿಂತು ತೋರಿಸಬೇಕು.

ಒಂದೇ ಒಂದು ಉದಾಹರಣೆ ಹೇಳುತ್ತೇನೆ, ಇದನ್ನು ದಯವಿಟ್ಟು ಈಗಲೇ ನೆನಪಿಟ್ಟುಕೋ. ಜರ್ಮನಿಯಲ್ಲಿ ದಶಮಾಂಶಕ್ಕೆ ಚುಕ್ಕಿ ಹಾಕುವುದಿಲ್ಲ, ಅಲ್ಪವಿರಾಮ ಹಾಕುತ್ತಾರೆ. ಅರ್ಧ ಮಿಲಿಗ್ರಾಂ ಎಂದರೆ 0,5. ಸಾವಿರಕ್ಕೆ ಚುಕ್ಕಿ ಹಾಕುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ 5.000 ಎಂದು ಬರೆದಿದ್ದರೆ ಅದು ಐದು ಸಾವಿರ ಯೂನಿಟ್. ಮಂಗಳೂರಿನಲ್ಲಿ ವರ್ಷಗಟ್ಟಲೆ ಚಾರ್ಟ್ ಓದಿದ ಕಣ್ಣಿಗೆ ಅದು ಐದು ಅಂತಲೇ ಕಾಣುತ್ತದೆ. ರಾತ್ರಿ ಮೂರು ಗಂಟೆಗೆ, ಸುಸ್ತಾಗಿರುವಾಗ, ಇನ್ನೂ ಜಾಸ್ತಿ ಹಾಗೆ ಕಾಣುತ್ತದೆ. ಹೊಸಬರು ಬಂದಾಗ ನಾನು ಮೊದಲು ಮಾಡುವ ಕೆಲಸ ಇದೇ. ಒಂದು ಹಾಳೆಯಲ್ಲಿ ಹತ್ತು ಡೋಸ್ ಬರೆದು ಕೊಡುತ್ತೇನೆ, ಬಾಯಿಬಿಟ್ಟು ಓದಿಸುತ್ತೇನೆ, ಅಷ್ಟನ್ನೂ ಸಿರಿಂಜಿನಲ್ಲಿ ನೀರು ಎಳೆದು ತೋರಿಸು ಎನ್ನುತ್ತೇನೆ. ಇಷ್ಟು ವರ್ಷ ಇಷ್ಟು ದೇಶಗಳು ಒಟ್ಟಿಗೆ ಕೂತು ಮಾತಾಡಿದರೂ ಈ ಚುಕ್ಕಿ ಒಂದಾಗಿಲ್ಲ. ಐರ್ಲೆಂಡಿನಲ್ಲಿ ನಮ್ಮ ಹಾಗೆಯೇ ಬರೆಯುತ್ತಾರೆ. ನೀನು ಮುಂದೆ ಅಲ್ಲಿಗೆ ಹೋದರೆ ಮತ್ತೆ ಕಣ್ಣು ತಿದ್ದಿಕೊಳ್ಳಬೇಕು.

ಇನ್ನೊಂದು, ರೋಗಿಯ ಗುರುತು. "ನೀವು ಮ್ಯುಲರ್ ಅವರಾ?" ಎಂದು ಕೇಳಬೇಡ. ಕಿವಿ ಕೇಳದ ಅಜ್ಜ ಎಲ್ಲದಕ್ಕೂ ಹೂಂ ಎನ್ನುತ್ತಾರೆ. "ನಿಮ್ಮ ಹೆಸರು ಹೇಳಿ, ಹುಟ್ಟಿದ ತಾರೀಕು ಹೇಳಿ" ಎಂದು ಅವರ ಬಾಯಿಂದಲೇ ಹೇಳಿಸಬೇಕು, ಆಮೇಲೆ ಕೈಪಟ್ಟಿ ನೋಡಬೇಕು. ರಕ್ತ ಕೊಡುವಾಗ ಇಲ್ಲಿ ಇನ್ನೂ ಒಂದು ಹೆಜ್ಜೆ ಇದೆ. ಹಾಸಿಗೆಯ ಪಕ್ಕದಲ್ಲೇ ಒಂದು ಸಣ್ಣ ಕಾರ್ಡಿನ ಮೇಲೆ ರೋಗಿಯ ರಕ್ತದ ಹನಿ ಹಾಕಿ ಗುಂಪು ಮತ್ತೆ ಪರೀಕ್ಷೆ ಮಾಡುತ್ತಾರೆ. ಕಾರ್ಡನ್ನು ಮೆಲ್ಲಗೆ ಆಚೀಚೆ ಓಲಾಡಿಸಿದಾಗ ರಕ್ತ ಎಲ್ಲಿ ಕಾಳುಕಾಳಾಗುತ್ತದೆ ಎಂದು ನೋಡಬೇಕು. ಲ್ಯಾಬಿನ ರಿಪೋರ್ಟ್ ಕೈಯಲ್ಲಿದ್ದರೂ ಇದನ್ನು ಬಿಡುವಂತಿಲ್ಲ. ಅದರ ಜವಾಬ್ದಾರಿ ಡಾಕ್ಟರದು. ಅವರು ಗಡಿಬಿಡಿಯಲ್ಲಿ ಬಿಟ್ಟರೆ ಕಾರ್ಡ್ ತೆಗೆದು ಟ್ರೇ ಮೇಲೆ ಇಡುವುದು ನಮ್ಮ ಕೆಲಸ. ಫ್ರಾನ್ಸಿನಲ್ಲೂ ಈ ಪದ್ಧತಿ ಇದೆ, ಇಂಗ್ಲೆಂಡಿನಲ್ಲಿ ಇಲ್ಲ. ಯುರೋಪ್ ಎಂದರೆ ಎಲ್ಲ ಕಡೆ ಒಂದೇ ಥರ ಅಂದುಕೊಳ್ಳಬೇಡ. ಆರೋಗ್ಯ ಸೇವೆಯನ್ನು ಹೇಗೆ ನಡೆಸಬೇಕು ಎನ್ನುವುದು ಒಕ್ಕೂಟದ ಒಪ್ಪಂದದ ಪ್ರಕಾರ ಆಯಾ ದೇಶದ ಕೈಯಲ್ಲೇ ಇದೆ.

ಹಾಗಾದರೆ ಎಲ್ಲರೂ ಸೇರಿ ಮಾಡಿದ್ದೇನು? ನಮಗೆ, ನರ್ಸುಗಳಿಗೆ, ದಿನಾ ಕೈಗೆ ಸಿಗುವುದು ಒಂದಿದೆ. ಸೂಜಿ. ಆಸ್ಪತ್ರೆ ಮಾಲೀಕರ ಕಡೆಯವರೂ ನೌಕರರ ಯೂನಿಯನ್‌ಗಳೂ ಯುರೋಪ್ ಮಟ್ಟದಲ್ಲಿ ಕೂತು 2009ರ ಜುಲೈಯಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಮರುವರ್ಷ ಅದೇ ಕಾನೂನಾಯಿತು. 2013ರ ಮೇ ಹೊತ್ತಿಗೆ ಎಲ್ಲ ಸದಸ್ಯ ದೇಶಗಳೂ ಜಾರಿಗೆ ತರಬೇಕಿತ್ತು. ಚುಚ್ಚಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವುದನ್ನು ಅದು ನಿಷೇಧಿಸಿದೆ. ಇಲ್ಲಿ ರಕ್ತ ತೆಗೆದ ತಕ್ಷಣ ಹೆಬ್ಬೆರಳಿನಿಂದ ಒತ್ತಿದರೆ ಸೂಜಿಯ ಮೇಲೆ ಪ್ಲಾಸ್ಟಿಕ್ ಕವಚ ಟಕ್ ಎಂದು ಕೂರುತ್ತದೆ. ಬಳಸಿದ ಸೂಜಿ ಹಾಕುವ ಶಾರ್ಪ್ಸ್ ಡಬ್ಬಿ ಹಾಸಿಗೆಯ ತನಕ ನಮ್ಮ ಜೊತೆಗೇ ಬರುತ್ತದೆ. ನಿಡಲ್ ಚುಚ್ಚಿಸಿಕೊಂಡು, ಯಾರಿಗೂ ಹೇಳದೆ, ಎಚ್‌ಐವಿ ರಿಪೋರ್ಟ್ ಬರುವ ತನಕ ನಿದ್ದೆ ಬಿಟ್ಟ ಗೆಳತಿಯರನ್ನು ನಾನು ಊರಿನಲ್ಲಿ ನೋಡಿದ್ದೇನೆ. ಹಾಗಾಗಿ ಈ ಕಾನೂನಿನ ಬಗ್ಗೆ ನನಗೆ ತುಂಬಾ ಗೌರವ.

ಕೈ ತೊಳೆಯುವ ವಿಷಯವೂ ಹಾಗೆಯೇ. ಇಲ್ಲಿ ರೋಗಿಯನ್ನು ಮುಟ್ಟುವ ಕೈಯಲ್ಲಿ ಬಳೆ, ಉಂಗುರ, ವಾಚು ಇರಬಾರದು. ಮದುವೆ ಉಂಗುರಕ್ಕೂ ರಿಯಾಯಿತಿ ಇಲ್ಲ. ಸಿಂಕಿಗೆ ಓಡುವ ಬದಲು ಹಾಸಿಗೆ ಪಕ್ಕದಲ್ಲೇ ಆಲ್ಕೋಹಾಲ್ ದ್ರವ ಇಡುವ ಪದ್ಧತಿ ಇಷ್ಟು ಹಬ್ಬಿದ್ದು ಜಿನೀವಾದ ಆಸ್ಪತ್ರೆಯಿಂದ. ಡಿಡಿಯೆ ಪಿಟೆ ಎಂಬ ಡಾಕ್ಟರ್ ಮತ್ತು ಅವರ ತಂಡ 1994ರಿಂದ ಅಲ್ಲಿ ಇದನ್ನು ಅಭ್ಯಾಸಕ್ಕೆ ತಂದರು. ಕೈ ಶುಚಿ ಮಾಡಿಕೊಳ್ಳುವ ಪ್ರಮಾಣ ಶೇ. 48ರಿಂದ 66ಕ್ಕೆ ಏರಿತು. ಆಸ್ಪತ್ರೆಯಲ್ಲಿ ಅಂಟುವ ಸೋಂಕು ಶೇ. 16.9ರಿಂದ 9.9ಕ್ಕೆ ಇಳಿಯಿತು. ಶೇ. 66 ಎಂದರೂ ಮೂರರಲ್ಲಿ ಒಂದು ಸಲ ಕೈ ಶುಚಿ ಆಗಿಲ್ಲ ಎಂದೇ ಅರ್ಥ. ಅಷ್ಟಕ್ಕೇ ಇಷ್ಟು ಸೋಂಕು ಇಳಿಯುವುದಾದರೆ ಪೂರ್ತಿ ಮಾಡಿದರೆ ಹೇಗಿರಬೇಡ! ಈಗ ಸ್ಟಾಕ್‌ಹೋಮಿನಲ್ಲಿರುವ ಯುರೋಪಿನ ರೋಗ ನಿಯಂತ್ರಣ ಕೇಂದ್ರ ಕೆಲವು ವರ್ಷಗಳಿಗೊಮ್ಮೆ ಎಲ್ಲ ದೇಶಗಳ ಆಸ್ಪತ್ರೆಗಳಲ್ಲೂ ಒಂದೇ ಅಳತೆಯಲ್ಲಿ ಸೋಂಕು ಎಣಿಸುತ್ತದೆ. 2022-23ರ ಎಣಿಕೆಯಿಂದ ಹಾಕಿದ ಅಂದಾಜಿನಲ್ಲಿ ವರ್ಷಕ್ಕೆ 43 ಲಕ್ಷ ರೋಗಿಗಳಿಗೆ ಆಸ್ಪತ್ರೆಯಲ್ಲೇ ಸೋಂಕು ತಗಲುತ್ತದೆ. ಇಷ್ಟು ದುಡ್ಡಿರುವ ದೇಶಗಳಲ್ಲೇ ಹೀಗೆ. ಎಲ್ಲರೂ ಒಂದೇ ಅಳತೆ ಹಿಡಿದ ಮೇಲೆ ನಮ್ಮಲ್ಲಿ ಏನೂ ಇಲ್ಲ ಎಂದು ಯಾರೂ ಮುಚ್ಚಿಡಲು ಆಗುವುದಿಲ್ಲ. ಒಟ್ಟಿಗೆ ಕೆಲಸ ಮಾಡುವುದರ ದೊಡ್ಡ ಲಾಭ ಅದೇ ಎಂದು ನನಗೆ ಅನಿಸುತ್ತದೆ.

ನಿನ್ನ ಭಯದ ಪ್ರಶ್ನೆಗೆ ಬರುತ್ತೇನೆ. ಕೇಳಬಹುದು. ಕೇಳಲೇಬೇಕು. ಫೋನಿನಲ್ಲಿ ಡಾಕ್ಟರ್ ಆರ್ಡರ್ ಕೊಟ್ಟರೆ ಬರೆದುಕೊಂಡು, ಔಷಧಿ ಹೆಸರು, ಡೋಸ್, ಯಾವ ದಾರಿಯಲ್ಲಿ ಕೊಡಬೇಕು, ಎಲ್ಲವನ್ನೂ ಅವರಿಗೇ ಓದಿ ಹೇಳು. ಮುಖ ಗಂಟಿಕ್ಕುವವರು ಇಲ್ಲೂ ಇದ್ದಾರೆ. ಗಂಟಿಕ್ಕಲಿ. ನಮ್ಮ ವಾರ್ಡಿಗೆ ಬಂದ ಎಷ್ಟೋ ಹುಡುಗಿಯರು ಬುದ್ಧಿವಂತರು, ಕೈಕೆಲಸದಲ್ಲಿ ಚುರುಕು, ಆದರೆ ಅರ್ಥವಾಗದಿದ್ದರೂ "ಯಾ, ಯಾ" ಎಂದು ತಲೆ ಆಡಿಸುತ್ತಾರೆ. ದೊಡ್ಡವರಿಗೆ ಎದುರು ಕೇಳಬಾರದು ಎಂದು ಬೆಳೆದವರು ನಾವು. ಅದು ಒಂದೆರಡು ವಾರದಲ್ಲಿ ಹೋಗುವ ಅಭ್ಯಾಸ ಅಲ್ಲ. ಕೋರ್ಸ್ ತೆಗೆದುಕೋ ಎಂದು ನಾನು ಹೇಳುವುದು ಮುಖ್ಯವಾಗಿ ಇದಕ್ಕೇ. ಆ ತಿಂಗಳುಗಳಲ್ಲಿ ನೀನು ಕಲಿಯುವವಳು. ಎಷ್ಟು ಪ್ರಶ್ನೆ ಕೇಳಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಪರೀಕ್ಷೆ ಪಾಸಾಗಿ ಮರುದಿನದಿಂದ ಪೂರ್ತಿ ನರ್ಸ್ ಆಗಿಬಿಟ್ಟರೆ ಕೇಳಲು ನಿನಗೇ ಸಂಕೋಚ ಆಗುತ್ತದೆ.

ತಪ್ಪು ಆಗುವುದರಲ್ಲಿತ್ತು, ಆಗಲಿಲ್ಲ ಎನ್ನುವಂಥದ್ದನ್ನೂ ಇಲ್ಲಿ ಬರೆದು ಕಳಿಸಬಹುದು. ಹೆಸರು ಹಾಕಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಅದಕ್ಕೆಂದೇ ಒಂದು ಪುಟ ಇದೆ, ಎಲ್ಲರೂ ಅದನ್ನು ಸಿರ್ಸ್ ಎನ್ನುತ್ತಾರೆ. ನಮ್ಮ ಔಷಧಿ ಕಪಾಟಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸೋಡಿಯಂ ಕ್ಲೋರೈಡ್ ಆಂಪ್ಯೂಲ್‌ಗಳು ಅಕ್ಕಪಕ್ಕದಲ್ಲಿದ್ದವು. ಎರಡೂ ಪ್ಲಾಸ್ಟಿಕ್, ಒಂದೇ ಗಾತ್ರ, ಅದಲುಬದಲಾದರೆ ಜೀವಕ್ಕೇ ಅಪಾಯ. ಒಬ್ಬರು ಸಿರಿಂಜಿಗೆ ಎಳೆಯುವ ಮೊದಲು ಲೇಬಲ್ ಮತ್ತೆ ಓದಿ ನಿಲ್ಲಿಸಿದರು, ಆಮೇಲೆ ಬರೆದು ಕಳಿಸಿದರು. ಸ್ವಲ್ಪ ದಿನದಲ್ಲೇ ಪೊಟ್ಯಾಸಿಯಂ ಬೀಗ ಹಾಕಿದ ಬೇರೆ ಡ್ರಾಯರ್‌ಗೆ ಹೋಯಿತು. ಬರೆದವರು ಯಾರು ಎಂದು ಯಾರೂ ಹುಡುಕಲಿಲ್ಲ. ಡೆನ್ಮಾರ್ಕ್ 2004ರಿಂದಲೇ ಇದಕ್ಕೆ ಕಾನೂನು ಮಾಡಿ, ವರದಿ ಮಾಡಿದವರಿಗೆ ಅದರಿಂದಲೇ ಶಿಕ್ಷೆ ಆಗಬಾರದು ಎಂದು ಬರೆದಿದೆ. ಜರ್ಮನಿಯಲ್ಲಿ 2013ರ ಕಾನೂನು ಅಂಥದ್ದೇ ರಕ್ಷಣೆ ಕೊಟ್ಟಿತು. ಇಂಥ ಅನುಭವಗಳನ್ನು ದೇಶಗಳು ಒಬ್ಬರಿಂದ ಒಬ್ಬರು ಕಲಿಯಲಿ ಎಂದು 2009ರಲ್ಲಿ ಒಕ್ಕೂಟ ಎಲ್ಲರಿಗೂ ಶಿಫಾರಸು ಮಾಡಿತ್ತು.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಇಲ್ಲಿ ಜನ ಸಾಲದು. ಇಂಟರ್ನಲ್ ಮೆಡಿಸಿನ್ ವಾರ್ಡಿನಲ್ಲಿ ಹಗಲು ಒಬ್ಬ ನರ್ಸಿಗೆ 10 ರೋಗಿ, ರಾತ್ರಿ 22 ರೋಗಿ, ಇದಕ್ಕಿಂತ ಜಾಸ್ತಿ ಇರಬಾರದು ಎನ್ನುತ್ತದೆ ಜರ್ಮನಿಯ ನಿಯಮ. 22 ಜನರನ್ನು ಒಬ್ಬಳೇ ನೋಡುವ ರಾತ್ರಿಯಲ್ಲಿ ಮೇಲೆ ಬರೆದದ್ದನ್ನೆಲ್ಲ ಮಾಡುವುದು ಎಷ್ಟು ಕಷ್ಟ ಎಂದು ನಿನಗೆ ಹೇಳಬೇಕಾಗಿಲ್ಲ. ಓದಿಗೆ 4600 ಗಂಟೆ ಎಂದು ಎಲ್ಲ ದೇಶಗಳೂ ಸೇರಿ ಗೆರೆ ಹಾಕಿದರು. ಒಬ್ಬ ನರ್ಸಿಗೆ ಎಷ್ಟು ರೋಗಿ ಎಂಬ ಗೆರೆಯನ್ನು ಇವತ್ತಿಗೂ ಒಕ್ಕೂಟದ ಮಟ್ಟದಲ್ಲಿ ಹಾಕಿಲ್ಲ. ಅದು ಆಗಬೇಕು. ರೋಗಿಯ ಸುರಕ್ಷತೆಯ ಬಗ್ಗೆ ಮಾತಾಡುವವರೆಲ್ಲ ಮೊದಲು ಕೇಳಬೇಕಾದದ್ದು ಅದನ್ನೇ.

ಅನಸ್ತೀಸಿಯಾ ಡಾಕ್ಟರ್, ಹುಬ್ಬಳ್ಳಿ ಮೂಲ, ಈಗ ಐರ್ಲೆಂಡ್:

ಅಕ್ಕನವರು ಬರೆದದ್ದಕ್ಕೆ ಎರಡು ವಿಷಯ ಸೇರಿಸುತ್ತೇನೆ.

ಬೇರೆ ದೇಶಕ್ಕೆ ಹೋಗುವ ಬಗ್ಗೆ ಕೇಳಿದಿರಲ್ಲ, ಅದಕ್ಕೆ ಅದೇ 2005ರ ಕಾನೂನಿನಲ್ಲಿ ಉತ್ತರ ಇದೆ. ಭಾರತದಲ್ಲಿ ಓದಿದವರು ಜರ್ಮನಿಯಲ್ಲಿ ಮಾನ್ಯತೆ ಪಡೆದು ಅಲ್ಲಿ ಮೂರು ವರ್ಷ ಕೆಲಸ ಮಾಡಿದರೆ, ಮತ್ತು ಜರ್ಮನಿ ಅದಕ್ಕೆ ಸರ್ಟಿಫಿಕೇಟ್ ಕೊಟ್ಟರೆ, ಇನ್ನೊಂದು ಸದಸ್ಯ ದೇಶ ಆ ಓದನ್ನು ಯುರೋಪಿನ ಓದಿನ ಸಾಲಿನಲ್ಲಿ ಇಟ್ಟು ಪರಿಶೀಲಿಸಬೇಕು. ಆದರೆ ಅದು ತಾನಾಗಿಯೇ ಸಿಗುವ ಒಪ್ಪಿಗೆ ಅಲ್ಲ. ಐರ್ಲೆಂಡಿನ ನರ್ಸಿಂಗ್ ಬೋರ್ಡ್ ನಿಮ್ಮ ಕಾಗದ ನೋಡಿಯೇ ತೀರ್ಮಾನ ಮಾಡುತ್ತದೆ, ಇಂಗ್ಲಿಷ್ ಬಗ್ಗೆಯೂ ಕೇಳುತ್ತದೆ. "ಎಲ್ಲಿ ಬೇಕಾದರೂ" ಎನ್ನುವ ಏಜೆಂಟರ ಮಾತನ್ನು ನಂಬಿ ಕೂರಬೇಡಿ.

ಎರಡನೆಯದು, ಗಂಟೆ ಸರಿ ಇದ್ದ ಮಾತ್ರಕ್ಕೆ ರೋಗಿ ಸುರಕ್ಷಿತ ಅಲ್ಲ ಎಂಬುದಕ್ಕೆ ಒಂದು ಕಹಿ ಪ್ರಕರಣ. 2008ರ ಫೆಬ್ರುವರಿಯಲ್ಲಿ ಜರ್ಮನಿಯಿಂದ ಒಬ್ಬ ಡಾಕ್ಟರ್ ವಾರಾಂತ್ಯದ ಡ್ಯೂಟಿಗೆಂದು ಇಂಗ್ಲೆಂಡಿಗೆ ವಿಮಾನದಲ್ಲಿ ಬಂದರು. ಅಲ್ಲಿ ಅದು ಅವರ ಮೊದಲ ಶಿಫ್ಟ್. ಕೇಂಬ್ರಿಡ್ಜ್‌ಶೈರ್‌ನಲ್ಲಿ ಮೂತ್ರಪಿಂಡದ ಕಲ್ಲಿನ ನೋವಿದ್ದ ಒಬ್ಬರಿಗೆ ಅವರ ಮನೆಯಲ್ಲೇ ಡೈಯಾಮಾರ್ಫಿನ್ ಎಂಬ ತೀವ್ರ ನೋವುನಿವಾರಕವನ್ನು 100 ಮಿಲಿಗ್ರಾಂ ಕೊಟ್ಟರು. ಕೊಡಬಹುದಾದ ಗರಿಷ್ಠ ಡೋಸಿನ ಹತ್ತು ಪಟ್ಟು ಅದು. ರೋಗಿ ತೀರಿಕೊಂಡರು. ಜರ್ಮನಿಯಲ್ಲಿ ನೋವಿಗೆ ಆ ಔಷಧಿಯ ಬಳಕೆಯೇ ಇರಲಿಲ್ಲ. ಓದಿಗೆ ಮಾನ್ಯತೆ ಇತ್ತು. ಆದರೆ ಭಾಷೆ ಬರುತ್ತದಾ, ಇಂಗ್ಲೆಂಡಿನ ಔಷಧಿಗಳು ಗೊತ್ತಾ ಎಂದು ಸರಿಯಾಗಿ ನೋಡುವ ವ್ಯವಸ್ಥೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ಕೆಲಸ ಮಾಡದಂತೆ ತಡೆದ ಮೇಲೂ ಅವರು ಜರ್ಮನಿಯಲ್ಲಿ ವೈದ್ಯಕೀಯ ಮುಂದುವರಿಸಿದರು. ಸತ್ತವರ ಮಕ್ಕಳು ವರ್ಷಗಟ್ಟಲೆ ಹೋರಾಡಿದರು. 2010ರಲ್ಲಿ ಇಂಗ್ಲೆಂಡಿನ ಸಾವಿನ ವಿಚಾರಣಾಧಿಕಾರಿ ಅದನ್ನು ಕಾನೂನುಬಾಹಿರ ಹತ್ಯೆ ಎಂದೇ ತೀರ್ಮಾನಿಸಿದರು.

ಇಂಥ ಸಾವುಗಳ ನಂತರವೇ ನಿಯಮ ಬಿಗಿಯಾದದ್ದು. 2005ರ ಆ ಕಾನೂನಿಗೆ 2013ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಭಾಷೆ ಬರುತ್ತದಾ ಎಂದು ನೋಡಬಹುದು ಎಂದು ಸ್ಪಷ್ಟವಾಗಿ ಬರೆದರು. ಜೊತೆಗೆ ಎಚ್ಚರಿಕೆ ಕೊಡುವ ವ್ಯವಸ್ಥೆ ಬಂತು. ಒಂದು ದೇಶ ಒಬ್ಬ ಡಾಕ್ಟರನ್ನೋ ನರ್ಸನ್ನೋ ಕೆಲಸ ಮಾಡದಂತೆ ತಡೆದರೆ ಮೂರು ದಿನದೊಳಗೆ ಉಳಿದ ಎಲ್ಲ ದೇಶಗಳಿಗೂ ಕಂಪ್ಯೂಟರ್ ಮೂಲಕ ತಿಳಿಸಬೇಕು. 2016ರ ಜನವರಿಯಿಂದ ಇದು ನಡೆಯುತ್ತಿದೆ. ಯಾವ ದೇಶದಲ್ಲಿ ಪ್ರಕರಣ ಆಯಿತೋ ಆ ಬ್ರಿಟನ್ನೇ ಒಕ್ಕೂಟ ಬಿಟ್ಟ ಮೇಲೆ, 2021ರಿಂದ, ಈ ವ್ಯವಸ್ಥೆಯ ಹೊರಗಿದೆ. ನನಗೆ ಅದು ನಿಜಕ್ಕೂ ಬೇಸರದ ವಿಷಯ. ಐರ್ಲೆಂಡಿಗೂ ಬ್ರಿಟನ್ನಿಗೂ ಡಾಕ್ಟರುಗಳ ಓಡಾಟ ನಿಂತಿಲ್ಲವಲ್ಲ.

ಔಷಧಿ ಹೆಸರಿನ ಭಯ ಎಂದಿರಲ್ಲ, ಬ್ರಾಂಡ್ ಹೆಸರು ಬಿಟ್ಟು ಮೂಲ ಹೆಸರನ್ನೇ ಕಲಿಯಿರಿ. ಒಂದು ದೇಶದ ಚೀಟಿ ಇನ್ನೊಂದು ದೇಶದ ಅಂಗಡಿಯಲ್ಲಿ ನಡೆಯಬೇಕಾದರೆ ಅದರಲ್ಲಿ ಸಾಮಾನ್ಯವಾಗಿ ಮೂಲ ಹೆಸರೇ ಇರಬೇಕು ಎಂದು 2012ರ ನಿಯಮ ಇದೆ.

ನರ್ಸಿಂಗ್ ಕಾಲೇಜಿನ ಮೇಡಂ, ಕಲಬುರಗಿ:

ಅಕ್ಕ, ನಿಮ್ಮ ಮಾತಿನಲ್ಲಿ ಒಂದಕ್ಕೆ ನನ್ನ ತಕರಾರಿದೆ. ನಮ್ಮ ಹುಡುಗಿಯರು ಪ್ರಶ್ನೆ ಕೇಳುವುದಿಲ್ಲ ಎಂದಿರಿ. ಕೇಳುತ್ತಾರೆ ರೀ. ಕ್ಲಾಸಿನಲ್ಲಿ ನನ್ನನ್ನೇ ಸುಸ್ತು ಮಾಡುತ್ತಾರೆ. ವಾರ್ಡಿಗೆ ಹೋದ ಮೇಲೆ ಬಾಯಿ ಮುಚ್ಚುತ್ತಾರೆ. ಯಾಕೆಂದರೆ ಅಲ್ಲಿ ಕೇಳಿದವಳಿಗೆ ಎಲ್ಲರ ಎದುರು ಬೈಗುಳ ಸಿಕ್ಕಿದ್ದನ್ನು ಉಳಿದವರು ನೋಡಿರುತ್ತಾರೆ. ಇದಕ್ಕೆ ಬೆಳೆಸಿದ ರೀತಿ ಕಾರಣ ಅಲ್ಲ, ವಾರ್ಡಿನ ಸೀನಿಯರ್‌ಗಳು ಕಾರಣ. ಅವರು ಬದಲಾಗದೆ ವಿದ್ಯಾರ್ಥಿಗಳಿಗೆ ಎಷ್ಟು ಪಾಠ ಮಾಡಿದರೂ ಅಷ್ಟೇ.

ಹೊನ್ನಾವರದ ತಂಗಿಗೆ: ನಿಮ್ಮ ಟ್ರಾನ್ಸ್‌ಕ್ರಿಪ್ಟ್ ಮತ್ತೆ ಒಮ್ಮೆ ತೆಗೆದು ನೋಡಿ. ಬಹಳ ಸಲ ಓದಿದ್ದು ಇರುತ್ತದೆ, ಕಾಗದದಲ್ಲಿ ಕಾಣಿಸುವುದಿಲ್ಲ. ಕಮ್ಯುನಿಟಿ ಹೆಲ್ತ್ ಪೋಸ್ಟಿಂಗ್‌ನಲ್ಲಿ ನೀವು ಹಳ್ಳಿಗೆ ಹೋಗಿ, ಬಾಣಂತಿಯರನ್ನೂ ಹಾಸಿಗೆ ಹಿಡಿದ ಅಜ್ಜಿಯರನ್ನೂ ಮನೆಯಲ್ಲೇ ನೋಡಿರುತ್ತೀರಿ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಬರೀ "ಕಮ್ಯುನಿಟಿ" ಎಂದು ಒಂದು ಸಾಲು ಇದ್ದರೆ ಜರ್ಮನಿಯಲ್ಲಿ ಕೂತವರಿಗೆ ಅದು ಮನೆ ಆರೈಕೆ ಎಂದು ಹೇಗೆ ಗೊತ್ತಾಗಬೇಕು? ಕಾಲೇಜಿನ ಪ್ರಿನ್ಸಿಪಾಲರನ್ನು ಕೇಳಿ, ಗಂಟೆಗಳನ್ನು ಬಿಡಿಸಿ ಬರೆದ ಪತ್ರ ತೆಗೆದುಕೊಳ್ಳಿ. ಮನೆ ಭೇಟಿಗೆ ಎಷ್ಟು, ಹಿರಿಯರ ಆರೈಕೆಗೆ ಎಷ್ಟು. ಕೆಲಸದ ಅನುಭವ ಪತ್ರದಲ್ಲೂ ವಾರ್ಡಿನಲ್ಲಿ ಏನೇನು ಮಾಡಿದಿರಿ ಎಂದು ಬರೆಸಿ.

ಹೊನ್ನಾವರದ ಸ್ಟಾಫ್ ನರ್ಸ್:

ತುಂಬಾ ತುಂಬಾ ಥ್ಯಾಂಕ್ಸ್ ಅಕ್ಕ, ಸರ್, ಮೇಡಂ. ಆ ಚುಕ್ಕಿ, ಅಲ್ಪವಿರಾಮದ ವಿಷಯ ನಮಗೆ ಭಾಷಾ ಕ್ಲಾಸಿನಲ್ಲಿ ಅಂಗಡಿ ಬಿಲ್ ಓದುವಾಗ ಹೇಳಿದ್ದರು. ಔಷಧಿಗೂ ಅದೇ ಎಂದು ತಲೆಗೆ ಹೋಗಿರಲೇ ಇಲ್ಲ. ಮೇಡಂ ಹೇಳಿದ ಹಾಗೆ ಹಳ್ಳಿ ಪೋಸ್ಟಿಂಗ್ ಮಾಡಿದ್ದೇನೆ, ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಒಂದೇ ಸಾಲು ಇದೆ. ನಾಳೆಯೇ ಕಾಲೇಜಿಗೆ ಫೋನ್ ಮಾಡುತ್ತೇನೆ.

ಅಕ್ಕ, ಇನ್ನೊಂದೇ ಪ್ರಶ್ನೆ. ಈ ಗಂಟೆಗಳು ಸೇರಿದರೆ ಕೋರ್ಸ್ ಕಡಿಮೆ ಆಗಬಹುದಲ್ವಾ? ಆಗ ಪೂರ್ತಿ ಬಿಟ್ಟುಬಿಡಬಹುದಾ? ಮತ್ತೆ, ಅಲ್ಲಿಗೆ ಬರುವ ಮೊದಲು ಯಾವ ಔಷಧಿ ಬಗ್ಗೆ ಮುಖ್ಯವಾಗಿ ಓದಿಕೊಳ್ಳಬೇಕು?

ತೀರ್ಥಹಳ್ಳಿ ಅಕ್ಕ, ಈಗ ಕಲೋನ್ ಹತ್ತಿರ:

ಮೇಡಂ ಹೇಳಿದ್ದು ಸರಿ. ಬೈಯುವ ಸೀನಿಯರ್ ಇದ್ದರೆ ಯಾರೂ ಕೇಳುವುದಿಲ್ಲ, ಇಲ್ಲಿಯ ಹುಡುಗಿಯರೂ ಕೇಳುವುದಿಲ್ಲ. ನನ್ನ ಮಾತನ್ನು ಅಷ್ಟರಮಟ್ಟಿಗೆ ತಿದ್ದಿಕೊಳ್ಳುತ್ತೇನೆ.

ತಂಗಿ, ಆ ಪತ್ರ ಖಂಡಿತ ಕಳಿಸು. ಕೋರ್ಸ್ ಎಷ್ಟು ತಿಂಗಳು ಎನ್ನುವುದು ಎಷ್ಟು ಗಂಟೆ ಕಡಿಮೆ ಇದೆ ಎನ್ನುವುದರ ಮೇಲೆಯೇ ನಿಂತಿರುತ್ತದೆ, ಹಾಗಾಗಿ ಕಡಿಮೆ ಆಗಬಹುದು. ಆದರೆ ಪೂರ್ತಿ ಬಿಡುವ ಅವಕಾಶ ಬಂದರೂ ಆಸ್ಪತ್ರೆಯವರನ್ನು ಕೇಳಿಕೊಂಡು ಮೊದಲ ಕೆಲವು ತಿಂಗಳು ಯಾರ ಜೊತೆಗಾದರೂ ಜೋಡಿಯಾಗಿ ಡ್ಯೂಟಿ ಹಾಕಿಸಿಕೋ. ಒಬ್ಬಳೇ ನೈಟ್ ಡ್ಯೂಟಿ ಬೇಡ ಎಂದು ಸಹಿ ಹಾಕುವ ಮೊದಲೇ ಬಾಯಿಬಿಟ್ಟು ಹೇಳು. ಕೇಳಿದವರಿಗೆ ಕೊಡುತ್ತಾರೆ, ಜನ ಬೇಕಾಗಿರುವುದು ಅವರಿಗೆ.

ಔಷಧಿಗಳಲ್ಲಿ ಮೊದಲು ಮೆಟಮಿಜೋಲ್ ಓದಿಕೋ. ನಮ್ಮಲ್ಲಿ ಹಿಂದೆ ಅನಾಲ್ಜಿನ್ ಅಂತಿದ್ದರಲ್ಲ, ಅದೇ. ಇಲ್ಲಿ ನೋವಾಲ್ಜಿನ್ ಎಂಬ ಹೆಸರಿನಲ್ಲಿ ನೋವಿಗೂ ಜ್ವರಕ್ಕೂ ದಿನಾ ಕೊಡುತ್ತಾರೆ. ಬ್ರಿಟನ್, ಸ್ವೀಡನ್‌ಗಳಲ್ಲಿ ಅದು ಬಳಕೆಯಲ್ಲೇ ಇಲ್ಲ. ಅಪರೂಪಕ್ಕೆ ರಕ್ತದ ಬಿಳಿ ಕಣಗಳನ್ನು ಒಮ್ಮೆಲೇ ಇಳಿಸಿಬಿಡುತ್ತದೆ. 2024ರಲ್ಲಿ ಯುರೋಪಿನ ಔಷಧಿ ಸಂಸ್ಥೆ ಅದನ್ನು ಮತ್ತೆ ಪರಿಶೀಲಿಸಿ, ಮಾರುಕಟ್ಟೆಯಲ್ಲಿ ಉಳಿಸಿ, ಎಚ್ಚರಿಕೆಯನ್ನು ಬಿಗಿ ಮಾಡಿತು. ಅದನ್ನು ತೆಗೆದುಕೊಳ್ಳುತ್ತಿರುವ ರೋಗಿ ಗಂಟಲು ನೋವು, ಚಳಿ, ಜ್ವರ, ಬಾಯಲ್ಲಿ ಹುಣ್ಣು ಎಂದು ಹೇಳಿದರೆ ಮುಂದಿನ ಡೋಸ್ ಕೊಡಬೇಡ. ಮೊದಲು ಡಾಕ್ಟರಿಗೆ ಫೋನ್ ಮಾಡು, ರಕ್ತ ಪರೀಕ್ಷೆ ಕೇಳು. ಜರ್ಮನ್ ಭಾಷೆಯಲ್ಲಿ ಗಂಟಲು ನೋವಿಗೆ ಹಾಲ್ಸ್‌ಶ್ಮೆರ್ಟ್ಸೆನ್ ಎನ್ನುತ್ತಾರೆ. ಆಮೇಲೆ ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ. ಇವಿಷ್ಟು ಮುಗಿಸಿ ಬರೆ, ಮುಂದಿನದನ್ನು ಹೇಳುತ್ತೇನೆ.